ಕತ್ತೆಬಾಲದ ಬುಡಕ್ಕೆ ಕಟ್ಟಿದ ದಾರ

ನನ್ನ ಸಂಶಯದ ಸ್ವಭಾವಕ್ಕೆ ನೌಕರಿಯನ್ನು ದೂರುವುದು ಸುಲಭ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ದಾಂಡೇಲಿಯಿಂದ ಜೋಯಿಡಾಕ್ಕೆ ಹೋಗುವ ದಾರಿಯಲ್ಲಿ ಯಾವುದಾದರೊಂದು ತಿರುವು ಹಿಡಿದು, ತೇಗದ ಮರಗಳ ಮರೆಗೆ ಜೀಪು ನಿಲ್ಲಿಸಿ ಕಾಯುತ್ತಿದ್ದೆವು. ಬಸ್ಸು ಬಂತೆಂದರೆ ಕೈ ಅಡ್ಡ ಹಿಡಿದು ಹತ್ತುವುದು. ಟಿಕೆಟ್ ಕೇಳುವ ಮೊದಲು ಮುಖ ನೋಡುವುದು. ಕಿಟಕಿಯ ಹೊರಗೆ ನೋಡುವವನು, ಸುಮ್ಮನೆ ನಗುವವನು, ಕೇಳುವ ಮೊದಲೇ ಟಿಕೆಟ್ ಕೈಯಲ್ಲಿ ಹಿಡಿದು ಕೂತವನು, ಮೂವರ ಮೇಲೂ ನನಗೆ ಒಂದೇ ಸಂಶಯ. ಒಮ್ಮೆ ಉಳವಿಗೆ ಹೊರಟಿದ್ದ ಮುದುಕನೊಬ್ಬನನ್ನು ನಡುರಸ್ತೆಯಲ್ಲಿ ಇಳಿಸಿ ಜಬರಿಸಿದ್ದೆ. ಟಿಕೆಟ್ ಅವನ ರುಮಾಲಿನ ಮಡಿಕೆಯಲ್ಲಿ ಸಿಕ್ಕಿತು. ಅವನು ತಪ್ಪು ತನ್ನದೇ ಎಂಬಂತೆ ಕೈಮುಗಿದ. ಆ ಕೈಮುಗಿದದ್ದರಲ್ಲೂ ಏನೋ ಇದೆ ಅಂದುಕೊಂಡವನು ನಾನು. ನನ್ನ ಹೆಂಡತಿಯ ಅಭಿಪ್ರಾಯ ಬೇರೆ. ನೌಕರಿ ನನ್ನನ್ನು ಕೆಡಿಸಲಿಲ್ಲವಂತೆ. ನಾನು ಹುಟ್ಟಿದ್ದೇ ಹೀಗೆ, ಅದಕ್ಕೇ ಆ ನೌಕರಿ ನನ್ನನ್ನು ಹುಡುಕಿಕೊಂಡು ಬಂತಂತೆ.

ನಿವೃತ್ತನಾದ ಮೇಲೆ ಮುಖ ನೋಡಲು ಬಸ್ಸುಗಳಿರಲಿಲ್ಲ, ಗಿಡಗಳಿದ್ದವು. ದಾಂಡೇಲಿಯ ನಮ್ಮ ಮನೆಗೆ ಮೇಲೊಂದು ಸಣ್ಣ ಗ್ಯಾಲರಿ ಇದೆ, ಅದಕ್ಕೆ ಕಬ್ಬಿಣದ ಜಾಳಿಗೆ. ಆ ಜಾಳಿಗೆಯ ತುಂಬ ನಾನು ಜೋತುಬೀಳುವ ಗಿಡಗಳನ್ನು ತೂಗುಹಾಕಿದ್ದೆ. ಎಲೆಯಲ್ಲೇ ನೀರು ಕೂಡಿಟ್ಟುಕೊಂಡು ಬದುಕುವ ಜಾತಿಯವು. ಈಗ ಎಲ್ಲರೂ ಸಕ್ಯುಲೆಂಟ್ ಅನ್ನುತ್ತಾರೆ. ಮುತ್ತಿನ ಸರದಂಥದ್ದೊಂದು, ನಾಣ್ಯ ಪೋಣಿಸಿದಂಥದ್ದೊಂದು. ಎಲ್ಲಕ್ಕಿಂತ ನನ್ನ ಪ್ರೀತಿಯದ್ದು ಕತ್ತೆಬಾಲ. ನರ್ಸರಿಯವರು ಡಾಂಕಿ ಟೇಲ್ ಎಂದು ಹೇಳಿ ಮಾರುವುದು ಇದನ್ನೇ. ಶೇಂಗಾ ಬೀಜದಷ್ಟು ದಪ್ಪದ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡು, ಹೆಣೆದ ಜಡೆಯ ಹಾಗೆ ಕುಂಡದಿಂದ ಕೆಳಗಿಳಿಯುತ್ತವೆ. ಅದಕ್ಕೆ ಹೆಚ್ಚಿನ ಸೇವೆ ಬೇಡ. ಹೊಳೆಮರಳು, ಇಟ್ಟಂಗಿ ಚೂರು, ಒಂದು ಹಿಡಿ ಎಲೆಗೊಬ್ಬರ ಇದ್ದರೆ ಸಾಕು. ಎಲೆ ಸ್ವಲ್ಪ ಸುಕ್ಕಾಯಿತೆಂದರೆ ನೀರು, ಅಲ್ಲಿಯವರೆಗೆ ಸುಮ್ಮನಿರಬೇಕು. ಆ ಸುಮ್ಮನಿರುವುದೇ ಜನರಿಗೆ ಆಗುವುದಿಲ್ಲ. ಈ ಗಿಡ ಸಾಯುವುದು ಹೆಚ್ಚಾಗಿ ಉಪಚಾರದಿಂದ.

ನನಗೆ ಅದು ಅಷ್ಟು ಹಿಡಿಸಲು ಇನ್ನೊಂದು ಕಾರಣವಿತ್ತು. ಅದರ ಎಲೆಯ ಮೇಲೆ ತೆಳ್ಳಗೆ ಬೂದಿ ಸವರಿದಂಥ ಪುಡಿ ಇರುತ್ತದೆ. ಬೆರಳು ತಾಗಿದರೆ ಪುಡಿ ಅಳಿಸಿ, ಬೆರಳಿನ ಗುರುತು ಆ ಎಲೆ ಉದುರುವವರೆಗೂ ಉಳಿಯುತ್ತದೆ. ಯಾರು ಮುಟ್ಟಿದರೂ ಗೊತ್ತಾಗುವ ಗಿಡ! ದಿನಾ ಮುಂಜಾನೆ ಚಹಾದ ಕಪ್ಪು ಹಿಡಿದು ಜಾಳಿಗೆಯ ಹತ್ತಿರ ನಿಂತು ಒಂದೊಂದು ಬಾಲವನ್ನೂ ತಪಾಸಣೆ ಮಾಡುತ್ತಿದ್ದೆ. ಕರೆಂಟಿನ ಮೀಟರ್ ನೋಡಲು ಬಂದವನು, ಹಾಲಿನವಳು, ಕಸಬರಿಗೆ ಹಿಡಿದ ನನ್ನ ಹೆಂಡತಿ, ಎಲ್ಲರೂ ನನ್ನ ಯಾದಿಯಲ್ಲಿ ಇದ್ದರು. ಕೊನೆಯ ಬಾಲದ ತುದಿಯ ಹತ್ತಿರ ಒಂದು ಹೆಬ್ಬೆರಳಿನ ಗುರುತಿತ್ತು. ಅದು ನನ್ನದೇ. ಅದೂ ನನಗೆ ಗೊತ್ತಿತ್ತು.

ಸಂಶಯಕ್ಕೆ ಕಾರಣ ಇರಲಿಲ್ಲವೆಂದಲ್ಲ. ಕೇಳಿ ತಂದ ಕುಡಿ ಹತ್ತುವುದಿಲ್ಲ, ಕದ್ದು ತಂದದ್ದೇ ಹತ್ತುತ್ತದೆ ಎಂಬುದು ನಮ್ಮ ಕಡೆ ಎಲ್ಲ ಜಾತಿ ಮತದವರೂ ಒಪ್ಪಿದ ಮಾತು. ಬಾಗಿಲಲ್ಲಿ ನಿಂತು ಹತ್ತು ಮಾತಾಡಿ, ಹೋಗುವಾಗ ಒಂದು ಕುಡಿ ಚಿವುಟಿ ಸೆರಗಿಗೆ ಸೇರಿಸುವುದು ಕಳವಿನ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಕತ್ತೆಬಾಲವೂ ಹಾಗೆ ಬಂದದ್ದೇ. ಸೂಪಾ ಡ್ಯಾಮಿನ ದಾರಿಯಲ್ಲಿ ಒಂದು ಚಹಾದ ಅಂಗಡಿ. ಅದರ ಮಾಡಿಗೆ ಈ ಗಿಡ ಜೋತುಬಿದ್ದಿತ್ತು. ಆ ದಿನ ಮುಂಜಾನೆಯಷ್ಟೇ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದ ಇಬ್ಬರಿಗೆ ಪ್ರಾಮಾಣಿಕತೆಯ ಬಗ್ಗೆ ಉಪದೇಶ ಮಾಡಿದ್ದೆ. ಮಧ್ಯಾಹ್ನ ಅಂಗಡಿಯವನು ಸಕ್ಕರೆ ತರಲು ಒಳಗೆ ಹೋದಾಗ ಎರಡು ಬಾಲ ಮುರಿದು ಇಲಾಖೆಯ ಚೀಲದಲ್ಲಿ ಹಾಕಿಕೊಂಡೆ. ನಾಚಿಕೆ ಆಗಲಿಲ್ಲ. ಹತ್ತಬೇಕಲ್ಲ!

ಎರಡು ಮಳೆಗಾಲ ಅದನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡು ಹೇಳತೀರದು. ದಾಂಡೇಲಿಯಲ್ಲಿ ಮಳೆ ಕೂತಿತೆಂದರೆ ಡಬ್ಬಿಯಲ್ಲಿಟ್ಟ ಹಪ್ಪಳ ಮೆತ್ತಗಾಗುತ್ತದೆ, ಗೋಡೆಗೆ ಹಾಕಿದ ಅಂಗಿಗೆ ಬೂಸಲು ಹಿಡಿಯುತ್ತದೆ. ಆ ಥಂಡಿಯಲ್ಲಿ ಕತ್ತೆಬಾಲ ನೀರು ಹಾಕದಿದ್ದರೂ ಕೊಳೆಯುತ್ತದೆ. ಒಲೆಯ ಹತ್ತಿರ ಇಟ್ಟೆ, ದೇವರ ಕೋಣೆಯಲ್ಲಿ ಬಲ್ಬಿನ ಕೆಳಗೆ ಇಟ್ಟೆ. ಎರಡನೆಯ ವರ್ಷ ಅದು ಒಂದೇ ಬಾಲಕ್ಕೆ ಬಂದು ನಿಂತಿತು. ಆಗ ನಮ್ಮ ಅಕ್ಕ ಬಂದಿದ್ದಳು. ಹಳಿಯಾಳದಿಂದ ಧಾರವಾಡದ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ ಅವಳದು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೊದಲಿಂದಲೂ ಆಗಾಗ ಬರುವವಳು, ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ತಿಂಗಳಿಗೊಮ್ಮೆಯಾದರೂ ಬಂದು ಹೋಗುವಳು. ಬಂದವಳು ಹೇಳಿ ಕೇಳಿ ಮಾಡುವುದಿಲ್ಲ. ನಮ್ಮ ಹಿತ್ತಲಿನ ಕರಿಬೇವು, ನನ್ನ ಹೆಂಡತಿಯ ಹಿಟ್ಟು ಸೋಸುವ ಹೊಸ ಸಾಣಿಗೆ, ನನ್ನ ಹಳೆಯ ಸ್ವೆಟರು, ಏನು ಬೇಕೋ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾಳೆ. ಅಷ್ಟೇ ಸಲೀಸಾಗಿ ಕೊಡುತ್ತಾಳೆ ಕೂಡ. ಅವಳು ಆ ಒಂಟಿ ಬಾಲವನ್ನು ನೋಡಿ ಹೇಳಿದಳು: "ಮಿರಗದ ಮಳಿ ಹಿಡಿಯೂಕಿಂತ ಮೊದಲ ಇದನ್ನ ನಮ್ಮ ಕಡೆ ಕಳಸಿಬಿಡು. ನಮ್ಮಲ್ಲಿ ಮಳಿ ಬಂದ್ರೂ ನಡುನಡುವ ಬಿಸಲರ ಬೀಳತೈತಿ. ದೀಪಾವಳಿ ಆದಮ್ಯಾಲೆ ತರಿಸ್ಕೊ."

ಹೀಗೆ ನನ್ನ ಗಿಡಗಳಿಗೆ ಒಂದು ತವರುಮನೆ ಆಯಿತು. ಮೇ ಕೊನೆಯಲ್ಲಿ ನಾನು ಒಂದೊಂದು ಬಾಲಕ್ಕೂ ಹಳೆಯ ಪೇಪರಿನ ಸುರುಳಿ ಸುತ್ತಿ, ಬಿಸ್ಕೀಟಿನ ದೊಡ್ಡ ಪೆಟ್ಟಿಗೆಯಲ್ಲಿ ಕುಂಡಗಳನ್ನು ಕೂರಿಸಿ, ಪರಿಚಯದ ಡ್ರೈವರನ ಪಕ್ಕದಲ್ಲಿ ಇಡಿಸಿ ಕಳಿಸುತ್ತಿದ್ದೆ. ಸಂಜೆಯೊಳಗೆ ಅಕ್ಕನ ಫೋನು ಬರುತ್ತಿತ್ತು. "ಮುಟ್ಟಿತು" ಎಂದು ಒಂದೇ ಮಾತು ಹೇಳಿ ಇಟ್ಟುಬಿಡುವಳು. ದೀಪಾವಳಿಯ ನಂತರ ಅದೇ ಪೆಟ್ಟಿಗೆ ಅದೇ ಬಸ್ಸಿನಲ್ಲಿ ತಿರುಗಿ ಬರುತ್ತಿತ್ತು. ಅವಳ ಪಡಸಾಲೆಗೆ ಪೂರ್ವದ ಬಿಸಿಲು, ಮೇಲೆ ತಗಡು, ಕೆಳಗೆ ಗಾಳಿ. ಗಿಡಗಳು ಮೈತುಂಬಿಕೊಂಡು ಬರುತ್ತಿದ್ದವು. ಒಂದು ಬಾಲ ನಾಲ್ಕಾಯಿತು, ನಾಲ್ಕು ಒಂಬತ್ತಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಜಗತ್ತಿನಲ್ಲಿ ನಾನು ಮುಖ ನೋಡದೆ ಒಳಗೆ ಹೋಗುತ್ತಿದ್ದ ಮನೆ ಅದೊಂದೇ ಆಗಿತ್ತು. ಅಪ್ಪ ಅವ್ವ ಹೋದಮೇಲೆ ನನಗೆ ರಕ್ತದವರೆಂದರೆ ಅವಳೊಬ್ಬಳು. ನಾನು ಮನೆಯಲ್ಲಿ ಹೆಂಡತಿಯ ಮೇಲೂ ಕಣ್ಣಿಟ್ಟವನು, ಅಕ್ಕನ ಮನೆಯಲ್ಲಿ ಮಾತ್ರ ಇನ್‌ಸ್ಪೆಕ್ಟರ್ ಆಗಿರಲಿಲ್ಲ. ಅದನ್ನು ಕೆಡಿಸಿಕೊಂಡದ್ದು ಹೇಗೆ ಎಂದು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹೀಗೆ ಕಳಿಸತೊಡಗಿದ ಮೂರನೆಯ ವರ್ಷದ ದಸರೆಗೆ ಅಕ್ಕನ ಊರಿಗೆ ಹೋಗಿದ್ದೆ. ಪಡಸಾಲೆಯಲ್ಲಿ ನನ್ನ ಕುಂಡಗಳು ಸಾಲಾಗಿ ತೂಗುತ್ತಿದ್ದವು. ಅವುಗಳ ಪಕ್ಕದ ಗೋಡೆಗೆ ಆರೇಳು ತೆಂಗಿನ ಪರಟೆಗಳು ತೂಗುಬಿದ್ದಿದ್ದವು, ಪರಟೆಯಲ್ಲೂ ಕತ್ತೆಬಾಲ! ಸಣ್ಣವು, ಗೇಣು ಗೇಣು ಉದ್ದದವು. ನಾನು ಅವಳಿಗೆ ಕುಡಿ ಕೊಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ. ಎಲ್ಲಿಂದ ಬಂದವು ಎಂದು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ. ಕೇಳಿದರೆ ಎದುರಿಗಿದ್ದವರು ಎಚ್ಚರವಾಗುತ್ತಾರೆ ಎಂಬುದು ತಪಾಸಣೆಯ ಮೊದಲ ಪಾಠ. ನಾನು ಸುಮ್ಮನೆ ನನ್ನ ಕುಂಡದ ಬಾಲಗಳನ್ನು ಎಣಿಸಿದೆ. ಒಂಬತ್ತೂ ಇದ್ದವು. ಹಾಗಾದರೆ ಹತ್ತು ಹನ್ನೊಂದು ಇದ್ದವೇನೋ, ಕಳಿಸುವಾಗ ನಾನೇ ತಪ್ಪು ಎಣಿಸಿರಬಹುದು ಅಂದುಕೊಂಡೆ. ಲೆಕ್ಕ ಸರಿ ಇದ್ದರೆ ಲೆಕ್ಕದ ಮೇಲೇ ಸಂಶಯ ಪಡುವವನಿಗೆ ಔಷಧ ಇಲ್ಲ.

ಅಕ್ಕನ ಮೇಲೆ ನೇರವಾಗಿ ಮನಸ್ಸು ಹೋಗಲಿಲ್ಲ. ಮೊದಲು ಹೋದದ್ದು ಪಕ್ಕದ ಮನೆಯ ಹೆಂಗಸಿನ ಮೇಲೆ. ಅವಳು ಸಿದ್ದಿ ಸಮುದಾಯದವಳು; ಅಕ್ಕನ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದೇ ಬದು. ಗೋವಿನಜೋಳ ಮುರಿಯುವುದು, ಭತ್ತ ಕೊಯ್ಯುವುದು ಇಬ್ಬರೂ ಕೂಡಿಯೇ ಮಾಡುತ್ತಿದ್ದರು. ಅಕ್ಕ ಬೇರೆ ಊರಿಗೆ ಹೋದಾಗ ಮನೆಯ ಕೀಲಿ ಇರುತ್ತಿದ್ದದ್ದು ಅವಳ ಹತ್ತಿರ. ಕೀಲಿ ಅವಳ ಹತ್ತಿರ ಯಾಕೆ ಎಂದು ನಾನು ಅಕ್ಕನಿಗೆ ಎರಡು ಸಲ ಕೇಳಿದೆ, ಎರಡು ಸಲವೂ ಅಕ್ಕ ನನ್ನ ಮುಖ ನೋಡಿ ತನ್ನ ಕೆಲಸಕ್ಕೆ ತಿರುಗಿದಳು. ಸಂಶಯಕ್ಕೆ ಮೊದಲು ಕಾಣುವುದು ಹತ್ತಿರದ ಬಡವರ ಮನೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ಆಮೇಲೆ ಊರಿಗೆ ಬಂದು ವಿಚಾರ ಮಾಡುತ್ತ ಮಾಡುತ್ತ ಸಂಶಯ ಬದು ದಾಟಿ ಅಕ್ಕನ ಪಡಸಾಲೆಗೇ ಬಂತು. ಆ ಹೆಂಗಸು ಕದ್ದಿದ್ದರೆ ಪರಟೆಗಳು ಅವಳ ಮನೆಯಲ್ಲಿ ಇರಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಮುಂಡಗೋಡದ ಸಂತೆಯಲ್ಲಿ ಇಂಥ ಗಿಡಗಳಿಗೆ ಗಿರಾಕಿಗಳಿದ್ದಾರೆಂದು ಯಾರೋ ಹೇಳಿದ್ದೂ ನೆನಪಿಗೆ ಬಂತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಕ್ಕ ಫೋನಿನಲ್ಲಿ "ಮುಟ್ಟಿತು" ಎಂದು ಒಂದೇ ಮಾತಿಗೆ ಮುಗಿಸುವುದೂ ಈಗ ನನಗೆ ಬೇರೆಯಾಗಿ ಕೇಳತೊಡಗಿತು.

ನಾಲ್ಕನೆಯ ವರ್ಷ ಪೆಟ್ಟಿಗೆ ಕಟ್ಟುವ ಹಿಂದಿನ ದಿನ ಒಂದು ಕೆಲಸ ಮಾಡಿದೆ. ಹೆಂಡತಿ ಗುಡಿಗೆ ಹೋದ ಹೊತ್ತು ನೋಡಿ, ಕತ್ತೆಬಾಲದ ಕುಂಡದ ಮಣ್ಣನ್ನು ಚಮಚದಿಂದ ಸರಿಸಿದೆ. ಬಾಲಗಳೆಲ್ಲ ಕೂಡುವ ಬುಡಕ್ಕೆ ಕೆಂಪು ಉಣ್ಣೆಯ ದಾರ ಎರಡು ಸುತ್ತು ಸುತ್ತಿ ಬಿಗಿದೆ. ಮೇಲೆ ಮಣ್ಣು ಮುಚ್ಚಿದೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಆಮೇಲೆ ಇನ್ನೊಂದು ವಿಚಾರ ಬಂತು: ಅಲ್ಲಿ ನೀರಾದರೂ ಹೊತ್ತಿಗೆ ಸರಿಯಾಗಿ ಹಾಕುತ್ತಾರೋ ಇಲ್ಲವೋ. ಇರಲಿ ಎಂದು ಒಂದು ತಂಬಿಗೆ ನೀರು ಸುರಿದು ಕಳಿಸಿದೆ. ಪ್ರಯಾಣಕ್ಕೆ ಮೊದಲು ಈ ಗಿಡಕ್ಕೆ ಒಂದು ಹನಿ ನೀರೂ ತೋರಿಸಬಾರದೆಂದು ಊರೆಲ್ಲ ಹೇಳಿಕೊಂಡು ತಿರುಗುವವನು ನಾನೇ. ಅಂದು ಅದು ನೆನಪಾಗಲಿಲ್ಲ.

ಆ ವರ್ಷ ಸಂಜೆ ಅಕ್ಕನ ಫೋನು ಎಂದಿನ ಹಾಗೆ ಬಂತು. ಮಳೆಗಾಲದಲ್ಲಿ ನಾನು ಎರಡು ಮೂರು ಸಲ ಗಿಡ ಹೇಗಿವೆ ಎಂದು ಕೇಳಿದೆ. ಅದಾವ, ಅಂದಳು. ಹೆಚ್ಚು ಮಾತಾಡಲಿಲ್ಲ. ಮಗಳು ಬಸುರಿ, ದೀಪಾವಳಿ ಆದಮೇಲೆ ಸೀಮಂತದ ಕುಬಸ ಮಾಡಬೇಕು, ಸೋದರಮಾವ ಅಂತ ನೀನು ಸೀರೆ ತರಬೇಕು ಎಂದು ಬೇರೆ ಮಾತಿಗೆ ಹೋದಳು. ಮಾತು ತಪ್ಪಿಸುವ ಪ್ರಯಾಣಿಕರು ನನಗೆ ಹೊಸಬರಲ್ಲ. ನಾನು ಗುರುತು ಹಾಕಿಟ್ಟುಕೊಂಡೆ.

ದೀಪಾವಳಿ ಆಗಿ ವಾರಕ್ಕೆ ಪೆಟ್ಟಿಗೆ ಬಂತು. ಕತ್ತೆಬಾಲ ಎಂದಿಗಿಂತ ಚೆನ್ನಾಗಿತ್ತು. ಒಂಬತ್ತು ಕಳಿಸಿದ್ದು ಹದಿನಾರಾಗಿತ್ತು. ಬಾಲಗಳ ಉದ್ದ ಮಾತ್ರ ಕಡಿಮೆ. ಮೊಳಕ್ಕಿಂತ ಉದ್ದ ಇದ್ದದ್ದು ಈಗ ಒಂದೂವರೆ ಗೇಣಿಗೆ ಇಳಿದಿತ್ತು, ಆದರೆ ಒತ್ತಾಗಿ, ಕುಂಡ ಕಾಣದ ಹಾಗೆ ಎಲ್ಲ ಕಡೆಯಿಂದ ಇಳಿದಿತ್ತು. ನನ್ನ ಹೆಬ್ಬೆರಳಿನ ಗುರುತು ಹುಡುಕಿದೆ. ಇರಲಿಲ್ಲ. ಎಲೆಯೆಲೆಯ ಮೇಲೂ ಪುಡಿ ಹಾಗೇ ಇತ್ತು; ಇದನ್ನು ಬೆಳೆಸಿದವರು ಒಮ್ಮೆಯೂ ಎಲೆಗೆ ಬೆರಳು ತಾಗಿಸಿರಲಿಲ್ಲ. ಚಮಚ ತಂದು ಮಣ್ಣು ಸರಿಸಿದೆ. ದಾರ ಇರಲಿಲ್ಲ. ಸುಳ್ಳು ಹೇಳಲಾರೆ, ಮೊದಲು ನನಗೆ ಖುಷಿಯಾಯಿತು. ಹತ್ತು ಬಸ್ಸು ಹುಡುಕಿ ಹನ್ನೊಂದನೆಯದರಲ್ಲಿ ಒಬ್ಬ ಸಿಕ್ಕಾಗ ಆಗುತ್ತಿದ್ದ ಖುಷಿ ಅದು.

ಹೆಂಡತಿಗೆ ಹೇಳಿದೆ. ಇದು ನಮ್ಮ ಗಿಡ ಅಲ್ಲ, ಬದಲಿ ಮಾಡಿದ್ದಾಳೆ ಅಂದೆ. ಅವಳು ಗಿಡ ನೋಡಿದಳು, ಚಮಚ ನೋಡಿದಳು, ನನ್ನನ್ನು ನೋಡಿದಳು. ಕೆಟ್ಟ ಗಿಡ ತಗೊಂಡು ಚಲೋ ಗಿಡ ಕೊಡುವ ಕಳ್ಳರು ಯಾವ ಊರಲ್ಲಿದ್ದಾರೆ ಎಂದು ಕೇಳಿದಳು. ಅದೇ ನನಗೂ ಸಂಶಯ, ಇಷ್ಟು ಚೆನ್ನಾಗಿ ಯಾಕೆ ಕಳಿಸಬೇಕಿತ್ತು ಅಂದೆ. ಅವಳು ನನ್ನ ಕೈಯಿಂದ ಚಮಚ ಇಸಿದುಕೊಂಡು, ಕುಬಸದ ದಿನ ಬಾಯಿ ಬಿಡಬೇಡಿ ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆಯನ್ನೂ ಸೇರಿಸಿದಳು. ನಾನು ಆಯಿತೆಂದೆ.

ಕುಬಸದ ದಿನ ಹೆಂಡತಿಗೆ ಜ್ವರ. ನಾನೊಬ್ಬನೇ ಹಸಿರು ಸೀರೆ, ಹಸಿರು ಬಳೆ, ಹೂವು ಹಣ್ಣು ತೆಗೆದುಕೊಂಡು ಹೋದೆ. ಅಕ್ಕ ಬಾಗಿಲಿಗೇ ಬಂದು ಚೀಲ ಇಸಿದುಕೊಂಡಳು. ಅಕ್ಕನ ಅಳಿಯನ ಕಡೆಯವರು, ಊರ ಹೆಂಗಸರು, ಮನೆ ತುಂಬಿತ್ತು. ಸೋದರಮಾವ ಎಂದು ನನ್ನನ್ನು ಮಣೆಯ ಮೇಲೆ ಕೂರಿಸಿ ಕುಂಕುಮ ಹಚ್ಚಿದರು. ಊಟವೂ ಆಯಿತು. ಕೈ ತೊಳೆಯಲು ಪಡಸಾಲೆಗೆ ಬಂದೆ. ಗೋಡೆಯ ಮೇಲೆ ಮೊಳೆಗಳಿದ್ದವು, ಮೊಳೆಗೆ ಕಟ್ಟಿದ ಹಗ್ಗಗಳಿದ್ದವು. ಪರಟೆ ಒಂದೂ ಇರಲಿಲ್ಲ.

ಅಲ್ಲಿಯವರೆಗೆ ನಾನು ಸುಮ್ಮನಿದ್ದೆ. ಆ ಬರಿಯ ಮೊಳೆಗಳನ್ನು ಕಂಡದ್ದೇ ನನಗೆ ಎಲ್ಲ ತಿಳಿದುಹೋಯಿತು ಅನ್ನಿಸಿತು: ಮಾರಿಬಿಟ್ಟಿದ್ದಾಳೆ. ಅಕ್ಕ ಉಡಿ ತುಂಬುವ ತಾಟು ಹಿಡಿದು ಅದೇ ಹೊತ್ತಿಗೆ ಹೊರಗೆ ಬಂದಳು. ಇಲ್ಲಿದ್ದ ಗಿಡಗಳು ಎಲ್ಲಿ ಎಂದು ಕೇಳಿದೆ. ಹೋದವು ಅಂದಳು. ನನ್ನ ದನಿ ನನ್ನ ಹಿಡಿತದಲ್ಲಿ ಉಳಿಯಲಿಲ್ಲ.

"ನನ್ನ ಮನಿಗೆ ಬಂದದ್ದೂ ನಂದಲ್ಲ. ನನ್ನ ಗಿಡ ಯಾರಿಗೆ ಕೊಟ್ಟಿ?"

ಒಳಗೆ ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು. ಅಳಿಯನ ತಾಯಿ ಬಾಗಿಲಿಗೆ ಬಂದು ನಿಂತರು. ಅಕ್ಕ ತಾಟನ್ನು ಕಟ್ಟೆಯ ಮೇಲಿಟ್ಟಳು.

"ನಿಂದಲ್ಲ ಅಂತ ಹೆಂಗ ಗೊತ್ತಾತು?"

"ಬುಡಕ್ಕ ದಾರ ಕಟ್ಟಿ ಕಳಿಸಿದ್ದೆ" ಅಂದೆ. ಗಟ್ಟಿಯಾಗಿಯೇ ಅಂದೆ, ಎಲ್ಲರಿಗೂ ಕೇಳಿಸುವ ಹಾಗೆ. ಸಾಕ್ಷಿ ಇದ್ದಾಗ ದನಿ ತಗ್ಗಿಸಿ ನನಗೆ ಅಭ್ಯಾಸವಿಲ್ಲ.

ಅಕ್ಕ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ, ಅದು ನನಗೆ ಸ್ಪಷ್ಟವಾಗಿ ನೆನಪಿದೆ. "ಹೌದು. ನೀ ಕಳಸಿದ್ದು ಅಲ್ಲ ಅದು" ಅಂದಳು. ತಾಟು ಎತ್ತಿಕೊಂಡು, ಆರತಿಗೆ ಹೊತ್ತಾಗುತ್ತದೆ ಎಂದು ಒಳಗೆ ಹೋದಳು. ಒಪ್ಪಿಕೊಂಡಳಲ್ಲ ಎಂದು ನಾನು ಎದೆ ಎತ್ತಿ ನಿಂತಿದ್ದೆ. ನಿಂತವನನ್ನು ಯಾರೂ ಮಾತಾಡಿಸಲಿಲ್ಲ. ಹಾಡು ಮತ್ತೆ ಸುರುವಾಗಲು ಬಹಳ ಹೊತ್ತು ಹಿಡಿಯಿತು. ನಾನು ಹೇಳದೆ ಹೊರಟುಬಂದೆ.

ಬಸ್ ನಿಲ್ದಾಣ ಅಂದರೆ ಒಂದು ಆಲದ ಮರ, ಒಂದು ಕಲ್ಲುಬೆಂಚು. ಅಲ್ಲಿ ಕೂತಿದ್ದಾಗ ಪಕ್ಕದ ಮನೆಯ ಆ ಸಿದ್ದಿ ಹೆಂಗಸು ಬಂದಳು. ಕೈಯಲ್ಲಿ ಬುತ್ತಿಯ ಗಂಟು. ಅಕ್ಕ ಕಳಿಸಿದ್ದಾರೆ, ನಿಮ್ಮ ಮನೆಯವರಿಗೆ ಜ್ವರವಂತಲ್ಲ, ಹೋಳಿಗೆ ಬೇಡ ಅಂತ ಅನ್ನ ಸಾರು ಕಟ್ಟಿದ್ದಾರೆ ಎಂದು ಬೆಂಚಿನ ಮೇಲಿಟ್ಟಳು. ಇವಳು ರಾಜಿಗೆ ಬಂದಿದ್ದಾಳೆ ಎಂದು ನಾನು ಮುಖ ತಿರುಗಿಸಿದೆ. ಅವಳು ಹೋಗಲಿಲ್ಲ. ನಿಂತೇ ಹೇಳಿದಳು.

"ನಿಮ್ಮ ಗಿಡ ಹದಿನೈದ ದಿನದಾಗ ಕೊಳತು ಹೋತ್ರಿ. ಪೆಟ್ಟಿಗಿ ತಗದಾಗನ ಮಣ್ಣ ರಾಡಿ ಆಗಿತ್ತು. ಬುಡ ಬಿಚ್ಚಿ ನೋಡಿದ್ರ ಕೆಂಪ ದಾರ ಬಿಗದಿತ್ತು. ಅದs ನೀರ ಹಿಡಕೊಂಡು ಅಲ್ಲೇ ಕೊಳತಿತ್ತು. ನಾ ದೃಷ್ಟಿದಾರ ಇರಬೇಕು ಅಂದೆ. ಅಕ್ಕಾರು, ನಮ್ಮ ತಮ್ಮ ದೃಷ್ಟಿ ನಂಬಾಂವಲ್ಲ, ಇದು ನನಗ ಕಟ್ಟಿದ್ದು ಅಂದ್ರು."

ಆಮೇಲೆ ಪರಟೆಗಳ ವಿಷಯ ಹೇಳಿದಳು. ಕತ್ತೆಬಾಲದ ಎಲೆ ಮುಟ್ಟಿದರೆ ಸಾಕು ಉದುರುತ್ತದೆ. ಬಸ್ಸಿನ ಕುಲುಕಾಟಕ್ಕೆ ಪ್ರತಿ ವರ್ಷ ಪೆಟ್ಟಿಗೆಯ ತಳದಲ್ಲಿ ಒಂದು ಬೊಗಸೆ ಎಲೆ ಬಿದ್ದಿರುತ್ತಿತ್ತಂತೆ. ಅಕ್ಕ ಅವನ್ನು ಚೆಲ್ಲದೆ ಮರಳಿನ ಮೇಲೆ ಹಾಸುತ್ತಿದ್ದಳು. ಒಂದೊಂದು ಎಲೆಯ ಬುಡದಿಂದ ಬೇರು ಬಂದು, ಚಿಗುರು ಬಂದು, ಎರಡು ಮೂರು ವರ್ಷಕ್ಕೆ ಅವೇ ಪರಟೆಯ ಗಿಡಗಳಾದವು. ನನ್ನ ಗಿಡದ ಒಂದು ಕುಡಿಯನ್ನೂ ಅವಳು ಮುರಿದಿರಲಿಲ್ಲ. ನನ್ನದು ಕೊಳೆತ ಮೇಲೆ ಗೋಡೆಯ ಮೇಲಿದ್ದ ಪರಟೆಗಳನ್ನೆಲ್ಲ ಇಳಿಸಿ, ಅಷ್ಟನ್ನೂ ನನ್ನ ಕುಂಡಕ್ಕೆ ನೆಟ್ಟಳು. ತನಗೆಂದು ಒಂದು ಬಾಲವನ್ನೂ ಉಳಿಸಿಕೊಳ್ಳಲಿಲ್ಲ. ಮಳೆಗಾಲದ ಮೂರು ತಿಂಗಳು ಬಿಸಿಲು ಹೋದ ಕಡೆಗೆಲ್ಲ ಆ ಕುಂಡವನ್ನು ಒಯ್ದು ಇಟ್ಟು, ಎಲೆಯ ಪುಡಿ ಅಳಿಸಬಾರದೆಂದು ಕುಂಡದ ತಳ ಹಿಡಿದೇ ಎತ್ತುತ್ತಿದ್ದಳು. ತಮ್ಮನಿಗೆ ಗೊತ್ತಾದರೆ ಬೇಜಾರು ಮಾಡಿಕೊಳ್ಳುತ್ತಾನೆ, ಹೇಳಬೇಡ ಎಂದು ಇವಳಿಗೂ ಹೇಳಿದ್ದಳಂತೆ.

ಅಂದರೆ ಅಕ್ಕನಿಗೆ ದಾರದ ವಿಷಯ ಜೂನಿನಲ್ಲೇ ಗೊತ್ತಿತ್ತು. ಗೊತ್ತಿದ್ದೂ ಗಿಡ ತುಂಬಿ ಕಳಿಸಿದಳು. ಗೊತ್ತಿದ್ದೂ ಕುಬಸಕ್ಕೆ ಕರೆದಳು, ಬಾಗಿಲಿಗೆ ಬಂದು ಚೀಲ ಇಸಿದುಕೊಂಡಳು. ನಾನು ಅದನ್ನು ಅಳಿಯನ ಮನೆಯವರ ಎದುರು ಬಾಯಿಬಿಟ್ಟು ಹೇಳಿದೆ.

ಆಗ ಎದ್ದು ಹಿಂದಕ್ಕೆ ಹೋಗಬೇಕಿತ್ತು. ನೂರು ಹೆಜ್ಜೆಯ ದಾರಿ. ಬಸ್ಸು ಬಂತು. ಹತ್ತಿಬಿಟ್ಟೆ. ಅಷ್ಟು ಹೆಂಗಸರ ಮುಂದೆ ಮತ್ತೆ ಮುಖ ತೋರಿಸುವುದು ಹೇಗೆ ಎಂಬ ಹೆದರಿಕೆ, ಅಷ್ಟೇ. ದಾರ ಕಟ್ಟಿದ್ದಕ್ಕಿಂತ ಆ ಬಸ್ಸು ಹತ್ತಿದ್ದು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ. ದಾರ ಕಟ್ಟಿದ್ದು ಸಂಶಯದಿಂದ, ಬಸ್ಸು ಹತ್ತಿದ್ದು ಎಲ್ಲ ತಿಳಿದ ಮೇಲೆ.

ಮರುದಿನ ಫೋನು ಮಾಡಿ, ತಪ್ಪಾಯಿತು ಅಕ್ಕ ಅಂದೆ. ಹೆಂಡತಿಯ ಜ್ವರ ಹೇಗಿದೆ ಎಂದು ಕೇಳಿದಳು. ಮತ್ತೆ ಅದೇ ಮಾತು ಎತ್ತಿದೆ. "ಗಿಡದ ಮಾತು ಬ್ಯಾಡ ತಮ್ಮಾ" ಅಂದಳು, ಸಮಾಧಾನದಿಂದಲೇ. ಅವಳು ಜಗಳ ಮಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಜಗಳ ಮಾಡಲಿಲ್ಲ. ಮೊಮ್ಮಗು ಹುಟ್ಟಿದಾಗ ತೊಟ್ಟಿಲಿಗೆ ಕರೆದಳು, ಹೋದೆ. ಸೋದರಮಾವನ ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ. ದಾಂಡೇಲಿಗೂ ಬರುತ್ತಾಳೆ, ಆದರೆ ಹೋಗುವಾಗ ಅವಳ ಚೀಲ ಬಂದಷ್ಟೇ ಇರುತ್ತದೆ. ಹಿತ್ತಲಿಗೆ ಹೋಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಬಂದಾಗ ಕರಿಬೇವು ಸ್ವಲ್ಪ ಕೊಡುತ್ತೀಯಾ ಎಂದು ನನ್ನ ಹೆಂಡತಿಯನ್ನು ಕೇಳಿದಳಂತೆ. ಕೊಟ್ಟಷ್ಟನ್ನು ಎಣಿಸಿದವರ ಹಾಗೆ ಹಿಡಿದುಕೊಂಡಳು ಎಂದು ಹೇಳುತ್ತ ನನ್ನ ಹೆಂಡತಿ ಅತ್ತಳು.

ಮೇ ಕೊನೆಗೆ ನಾನು ಗಿಡಗಳನ್ನು ಕಳಿಸುವುದೋ ಬೇಡವೋ ಎಂದು ಒದ್ದಾಡಿದೆ. ಕಳಿಸದಿದ್ದರೆ ಇನ್ನೂ ಸಂಶಯ ಇದೆ ಎಂದಾಗುತ್ತದೆ. ಕಳಿಸಿದರೆ ಯಾವ ಮುಖದಿಂದ. ಕೊನೆಗೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಬಸ್ಸಿನಲ್ಲಿ ಹೋದೆ. ನೀರು ತೋರಿಸಿರಲಿಲ್ಲ, ಗುರುತು ಕಟ್ಟಿರಲಿಲ್ಲ, ಬಾಲ ಎಣಿಸಿಯೂ ಇರಲಿಲ್ಲ. ನಾಲ್ಕು ಬಾಲ ಮುರಿದು ನಿನ್ನ ಪರಟೆಗೆ ಹಾಕಿಕೊ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಳಿದೆ ಕೂಡ. ಅವಳು ಪರಟೆಗಳನ್ನೆಲ್ಲ ಒಲೆಗೆ ಹಾಕಿದೆ, ಈಗ ಜಾಗವಿಲ್ಲ ಅಂದಳು. ಕುಂಡಗಳನ್ನು ಮಾತ್ರ ಎಂದಿನ ಜಾಗದಲ್ಲಿ ತೂಗುಹಾಕಿದಳು. ಚಹಾ ಕೊಟ್ಟಳು.

ಈ ಸಲ ದೀಪಾವಳಿಯ ನಂತರ ಪೆಟ್ಟಿಗೆ ಬಂತು. ಗಿಡಗಳು ಚೆನ್ನಾಗಿವೆ. ಕತ್ತೆಬಾಲ ಮತ್ತೆ ಮೊಳಕ್ಕೆ ಬಂದಿದೆ, ಎಲೆಗಳ ಮೇಲಿನ ಪುಡಿ ಅಳಿಸಿಲ್ಲ. ಕುಂಡಗಳ ನಡುವೆ ಪೇಪರಿನ ಒಂದು ಪೊಟ್ಟಣ ಇತ್ತು. ಬಿಚ್ಚಿ ನೋಡಿದೆ. ಜೂನಿನಿಂದ ಈಚೆಗೆ ಉದುರಿದ ಎಲೆಗಳು ಅದರಲ್ಲಿದ್ದವು, ಕೆಲವು ಒಣದ್ರಾಕ್ಷಿಯ ಹಾಗೆ ಸುಕ್ಕಾಗಿ, ಕೆಲವು ಇನ್ನೂ ಹಸಿರಾಗಿ. ಮರಳಿನ ಮೇಲೆ ಬಿಸಾಕಿದ್ದರೂ ಸಾಕಿತ್ತು, ತಾವೇ ಹತ್ತುತ್ತಿದ್ದವು. ಅಕ್ಕ ಒಂದೊಂದನ್ನೂ ಆರಿಸಿ ಕಟ್ಟಿ, ನನಗೆ ತಿರುಗಿ ಕಳಿಸಿದ್ದಳು.